ಫುಟ್ಬಾಲ್ ಕೋಚಿಗೆ ನೀವು ಕೇಳಿದ ನೀರಿನ ಪ್ರಶ್ನೆ

ಆಯ್ಕೆ ಸಮಿತಿಯ ಅಧ್ಯಕ್ಷರೂ ಶಿಕ್ಷಣ ಇಲಾಖೆಯ ಅಧಿಕಾರಿಗಳೂ ಆದ ತಮಗೆ,

‘ಮಾನ್ಯರೇ’ ಎಂದು ಶುರು ಮಾಡಬೇಕಿತ್ತು. ಆ ಪದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಹೊಸ ಕೋಚಿನ ಕೆಲಸವನ್ನು ಒಂದು ತಿಂಗಳು ನೋಡಿ ಆಮೇಲೆ ಆದೇಶಕ್ಕೆ ಸಹಿ ಹಾಕುತ್ತೇವೆ ಎಂದಿರಲ್ಲ, ಈ ಪದವೂ ಹಾಗೆಯೇ ಒಂದು ತಿಂಗಳು ಪರೀಕ್ಷೆಯ ಮೇಲಿರಲಿ.

ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಹುಡುಗಿಯರ ಫುಟ್ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರು ಬೇಕೆಂದು ನೀವು ಸಂದರ್ಶನ ಕರೆದಿರಿ. ಇಬ್ಬರು ಬಂದರು. ಇಬ್ಬರಿಗೂ ನೀವು ಕೇಳಿದ ಪ್ರಶ್ನೆ ಚೆಂಡಿನದಲ್ಲ, ನೀರಿನದು. ಆ ಪ್ರಶ್ನೆಗೆ ನಿಮಗೆ ಹಿತವಾಗುವ ಉತ್ತರ ಕೊಟ್ಟವರಿಗೆ ಕೆಲಸ ಸಿಕ್ಕಿತು. ಅವತ್ತಿನಿಂದ ನಮ್ಮ ತಂಡ ಒಳಗೊಳಗೇ ಒಡೆದಿದೆ. ಗೋಲಿನಲ್ಲಿ ನಿಲ್ಲುತ್ತಿದ್ದ ಹುಡುಗಿ ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾಳೆ. ಆ ಹುಡುಗಿ ಒಂಬತ್ತನೇ ತರಗತಿಯ ಪೀರಮ್ಮ, ನನ್ನ ಮಗಳು. ಆದ್ದರಿಂದ ಇದು ನಿಷ್ಪಕ್ಷಪಾತದ ಪತ್ರವಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿಷ್ಪಕ್ಷಪಾತದ ಗುತ್ತಿಗೆ ನಿಮ್ಮ ಕಚೇರಿಯದು, ನಮ್ಮದಲ್ಲ.

ಊರ ಹೆಸರು ಬರೆಯುವುದಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸಿನಲ್ಲಿ ಕೂತರೆ ಎಡಕ್ಕೋ ಬಲಕ್ಕೋ ಸಿಗುವ ಊರುಗಳಲ್ಲಿ ಒಂದು ಎಂದುಕೊಳ್ಳಲಿ ಓದುವವರು. ಹೆಸರು ಹಾಕಿದರೆ ನಾಳೆ ಊರಿಗೆ ಊರೇ ಎದ್ದು ‘ನಮ್ಮೂರಿನ ಮರ್ಯಾದೆ’ ಎಂದು ಕೂಗುತ್ತದೆ, ನಿಮ್ಮ ಪ್ರಶ್ನೆ ಆ ಗದ್ದಲದಲ್ಲಿ ಆರಾಮಾಗಿ ಮಲಗಿಬಿಡುತ್ತದೆ. ಅದನ್ನು ಮಲಗಲು ಬಿಡುವ ಮನಸ್ಸು ನನಗಿಲ್ಲ.

ಭತ್ತದ ಊರಿಗೆ ಫುಟ್ಬಾಲ್ ಎಲ್ಲಿಂದ ಬಂತು ಎಂದು ನೀವು ಒಮ್ಮೆ ಭಾಷಣದಲ್ಲಿ ಆಶ್ಚರ್ಯಪಟ್ಟಿದ್ದಿರಿ. ಚಿನ್ನದ ಗಣಿಯ ಹಟ್ಟಿಯಿಂದ ಬಂತು. ದೈಹಿಕ ಶಿಕ್ಷಕರಾಗಿದ್ದ ಶಾವಲಿ ಮಾಸ್ತರು ಅಲ್ಲಿಯ ಗಣಿ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಅಲ್ಲಿಯ ಓಣಿಗಳಲ್ಲಿ ಚೆಂಡು ಒದ್ದು ಬೆಳೆದವರು. ನಮ್ಮ ಶಾಲೆಗೆ ಬಂದ ವರ್ಷವೇ ಹುಡುಗಿಯರ ತಂಡ ಕಟ್ಟಿದರು. ಸುಗ್ಗಿಯಲ್ಲಿ ಶಾಲೆಯ ಮೈದಾನವೆಲ್ಲ ಒಣಹಾಕಿದ ಭತ್ತ; ರಾಶಿಗಳ ನಡುವೆ ಉಳಿದ ಸಂದಿಯಲ್ಲೇ ಆಟ. ಚೆಂಡು ರಾಶಿಗೆ ಬಿದ್ದರೆ ಬೈಗುಳ ಮಾಸ್ತರಿಗೆ, ಹುಡುಗಿಯರಿಗಲ್ಲ. ಹಾಗೆಂದು ಅವರೇ ರೈತರ ಜತೆ ಒಪ್ಪಂದ ಮಾಡಿಕೊಂಡಿದ್ದರು.

ಮಾಸ್ತರು ತಂಡಕ್ಕೆ ಒಂದು ಪದ್ಧತಿ ಹಾಕಿಕೊಟ್ಟರು. ಅದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ನೀವು ಕೊಂದಿದ್ದು ಅದನ್ನೇ. ಅರ್ಧ ಆಟ ಮುಗಿದಾಗ ಬೇವಿನ ಗಿಡದ ಬುಡಕ್ಕೆ ಒಂದು ಸ್ಟೀಲಿನ ಕೊಡ, ಒಂದು ಲೋಟ. ಆ ಹೊತ್ತಿನವರೆಗೆ ಯಾರು ದೊಡ್ಡ ತಪ್ಪು ಮಾಡಿರುತ್ತಾರೋ, ಗೋಲು ಬಿಟ್ಟವಳೋ, ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದವಳೋ, ಅವಳು ಎಲ್ಲರಿಗೂ ನೀರು ಹಾಕಬೇಕು. ಕುಡಿಯುವವರು ಒಂದೊಂದು ಮಾತು ಹೇಳಿ ಛೇಡಿಸಬಹುದು. ಒಂದೇ ಮಾತು. ನೀರು ಕುಡಿದಾದ ಮೇಲೆ ಆ ತಪ್ಪಿನ ಸುದ್ದಿಯನ್ನು ಯಾರೂ ಎತ್ತುವಂತಿಲ್ಲ. ಮೈದಾನದಲ್ಲೂ ಇಲ್ಲ, ತರಗತಿಯಲ್ಲೂ ಇಲ್ಲ, ಜಗಳ ಬಂದಾಗಲೂ ಇಲ್ಲ.

ನಾನು ಎಷ್ಟೋ ಸಂಜೆ ಗೋಡೆಗೆ ಸೈಕಲ್ ಒರಗಿಸಿ ಅದನ್ನು ನೋಡಿದ್ದೇನೆ.

“ಏ ಪೀರಿ, ಇವತ್ತೂ ಕೊಡ ನಿಂದೇ. ಮನಿಗೆ ಒಯ್ದುಬಿಡು, ದಿನಾ ಯಾಕ ಎತ್ತಿಡ್ತಿ.”

“ಕಾಲು ಸಂದ್ಯಾಗ ಹೋತಲ್ಲೇ ಚೆಂಡು. ಚೆಂಡು ಹೋತೋ, ಎಮ್ಮಿಕರ ಹೋತೋ?”

“ಕುಡೀತಿಯೋ, ಮುಖದ ಮ್ಯಾಲ ಸುರೀಲೋ?” ಎನ್ನುತ್ತಿದ್ದಳು ನನ್ನ ಮಗಳು. ನಗುತ್ತಲೇ ಹಾಕುತ್ತಿದ್ದಳು. ಗೌಡರ ಮನೆಯ ಹುಡುಗಿ ಕುಡಿದ ಲೋಟದಲ್ಲೇ ತಂಡದ ನಾಯಕಿ ಅರ್ಜುಮಂದ್ ಕುಡಿಯುತ್ತಿದ್ದಳು, ಅವಳು ಕುಡಿದ ಲೋಟದಲ್ಲಿ ನಮ್ಮ ಕೇರಿಯ ಹುಡುಗಿ. ಲೋಟದ ಕ್ರಮಕ್ಕೆ ಯಾವ ಪಾಳಿಯೂ ಇರಲಿಲ್ಲ. ಮಾಸ್ತರು ಜಾತಿಯ ಬಗ್ಗೆ ಒಂದು ದಿನವೂ ಭಾಷಣ ಮಾಡಿದವರಲ್ಲ. ಭಾಷಣ ನಮ್ಮಂಥವರ ರೋಗ. ಅವರು ಕೊಡ ಇಟ್ಟರು, ಅಷ್ಟೇ.

ಹೋದ ವರ್ಷ ಅವರು ನಿವೃತ್ತರಾಗಿ ಹಟ್ಟಿಗೆ ಮರಳಿದರು. ಜಾಗ ಖಾಲಿಯಾಯಿತು. ಗೌರವಧನದ ಮೇಲೆ ಮುಖ್ಯ ತರಬೇತುದಾರರನ್ನು ತೆಗೆದುಕೊಳ್ಳುವ ಪ್ರಕಟಣೆ ಬಂತು, ಸಂದರ್ಶನಕ್ಕೆ ನಿಮ್ಮ ಸವಾರಿ ಬಂತು. ಬಂದ ಇಬ್ಬರಲ್ಲಿ ಒಬ್ಬಳು ಸುಕನ್ಯಾ. ಇದೇ ಶಾಲೆಯಲ್ಲಿ ಓದಿ, ಇದೇ ತಂಡದಲ್ಲಿ ಆಡಿ, ದೈಹಿಕ ಶಿಕ್ಷಣದ ಪದವಿ ಪಡೆದು, ತರಬೇತುದಾರರ ಪರೀಕ್ಷೆಯನ್ನೂ ಪಾಸು ಮಾಡಿದ ನಮ್ಮ ಕೇರಿಯ ಹೆಣ್ಣುಮಗಳು. ಮಾಸ್ತರು ಹೋದ ಮೇಲೆ ಅಷ್ಟೂ ತಿಂಗಳು ತಂಡವನ್ನು ನೋಡಿಕೊಂಡವಳೂ ಅವಳೇ. ಇನ್ನೊಬ್ಬರು ಲಿಂಗಸುಗೂರು ಕಡೆಯ ಕನಕರಾಜ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ ಹುಡುಗ. ಅವನಿಗೂ ಅರ್ಹತೆ ಇದೆ. ಅವನ ಮೇಲೆ ನನಗೆ ದ್ವೇಷವಿಲ್ಲ, ಇದನ್ನೂ ಬರೆದಿಟ್ಟುಕೊಳ್ಳಿ.

ಸಮಿತಿಯಲ್ಲಿ ಪಾಲಕರ ಪರವಾಗಿ ಅರ್ಜುಮಂದಳ ತಾಯಿ ಜಮೀಲಾಬೀ ಕೂತಿದ್ದರು. ಬಳೆ ಅಂಗಡಿಯ ಹೆಂಗಸು, ಯಾರ ಮಾತಿಗೂ ಸೊಪ್ಪು ಹಾಕುವವರಲ್ಲ. ಸಂದರ್ಶನ ಮುಗಿಸಿ ಹೊರಗೆ ಬಂದವರೇ ನನ್ನ ಹತ್ತಿರ ಹೇಳಿದರು:

“ಅಂಬಪ್ಪಣ್ಣ, ಚೆಂಡಿನ ಮಾತು ಒಂದೂ ಬರ್ಲಿಲ್ಲ ನೋಡ್ರಿ. ಇವ್ರು ಕೋಚ್ ಹುಡುಕಾಕತ್ತಾರೋ, ನೀರು ಬಿಡೋ ವಾಟರ್‌ಮ್ಯಾನ್ ಹುಡುಕಾಕತ್ತಾರೋ, ನನಗ ತಿಳೀಲೇ ಇಲ್ಲ.”

ಒಳಗೆ ನಡೆದದ್ದನ್ನು ಅವರೂ ಸುಕನ್ಯಾಳೂ ಬೇರೆಬೇರೆಯಾಗಿ ಹೇಳಿದರು, ಎರಡೂ ಒಂದಕ್ಕೊಂದು ತಾಳೆಯಾದವು. ತಪ್ಪಿದ್ದರೆ ತಿದ್ದಿ. ನೀವು ಕೇಳಿದಿರಿ: “ಅದೊಂದು ಕೊಡದ ಪದ್ಧತಿ ಇದೆಯಂತಲ್ಲ. ಕೆಲವು ಪಾಲಕರಿಂದ ದೂರು ಬಂದಿದೆ. ಅದನ್ನು ಮುಂದುವರಿಸುತ್ತೀರಾ?”

“ಹೌದ್ರಿ ಸರ್,” ಎಂದಳು ಸುಕನ್ಯಾ. “ನಾನೂ ಅದ್ರಾಗೇ ಬೆಳೆದೀನಿ.”

“ಒಬ್ಬ ವಿದ್ಯಾರ್ಥಿನಿಗೆ ಕಾಮಾಲೆ ಬಂದಿತ್ತಂತೆ. ಆರೋಗ್ಯದ ಪ್ರಶ್ನೆ ಇದು.”

“ಹಂಗಿದ್ರ ಲೋಟ ಬ್ಯಾರೆಬ್ಯಾರೆ ಮಾಡೂಣ್ರಿ ಸರ್. ಎಲ್ರಿಗೂ ಒಂದೊಂದು ಲೋಟ. ನೀರು ಕಾಸಿ ಆರಿಸಿ ತುಂಬ್ತೀನಿ, ದಿನಾ ನಾನೇ ತುಂಬ್ತೀನಿ. ಕೊಡ ಒಂದೇ ಇರ್ಲಿ, ಹಾಕೋದು ತಪ್ಪು ಮಾಡಿದಾಕಿನೇ ಹಾಕ್ಲಿ.”

ಆಗ ನೀವು ಪೆನ್ನಿನ ಕ್ಯಾಪು ಹಾಕಿದಿರಂತೆ. “ಎಲ್ಲರೂ ತಮ್ಮ ತಮ್ಮ ಬಾಟಲಿ ತಂದರೆ ಯಾರ ತಕರಾರೂ ಇರುವುದಿಲ್ಲವಲ್ಲ?”

ನಾನು ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತವನು, ಹಮಾಲರ ಸಂಘದ ಕರಪತ್ರ ಬರೆದು ಬರೆದು ಕನ್ನಡ ಕಲಿತವನು. ನಮ್ಮ ಕರಪತ್ರಗಳಲ್ಲಿ ದೊಡ್ಡ ದೊಡ್ಡ ಪದಗಳಿರುತ್ತಿದ್ದವು. ಈಗ ಒಂದು ಸಣ್ಣ ಪದ ಹಿಡಿದು ಕೇಳುತ್ತೇನೆ. ತಕರಾರು ಯಾರದು, ಸಾಹೇಬರೇ? ಕಾಮಾಲೆಯ ತಕರಾರು ಬೇರೆ ಲೋಟಕ್ಕೆ, ಕಾಸಿದ ನೀರಿಗೆ ಮುಗಿದುಹೋಗಿತ್ತು. ಸುಕನ್ಯಾ ನಿಮ್ಮ ಮುಂದೆಯೇ ಅದನ್ನು ಮುಗಿಸಿದ್ದಳು. ಲೋಟ ಬೇರೆಯಾದ ಮೇಲೂ, ನೀರು ಕಾಸಿದ ಮೇಲೂ ಉಳಿಯುವ ತಕರಾರು ಒಂದೇ: ಹಾಕುವ ಕೈಯದು. ಆ ಕೈ ಯಾರದು ಎಂಬುದು. ಆ ತಕರಾರು ಯಾವ ಮನೆಯಿಂದ ಬಂತು ಎಂದು ನಿಮಗೆ ಗೊತ್ತಿತ್ತು. ಅದನ್ನು ಕಾಮಾಲೆಯ ಹೆಸರಿನಲ್ಲಿ ಮುಚ್ಚಿ, ಇಲಾಖೆಯ ಭಾಷೆ ಉಡಿಸಿ, ಮೇಜಿನ ಮೇಲೆ ಇಟ್ಟಿರಿ. ನಿಮ್ಮ ಕೋಣೆಯ ಗೋಡೆಗೆ ಸಂವಿಧಾನದ ಪೀಠಿಕೆಯನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದೀರಿ. ನಮ್ಮ ಮಕ್ಕಳು ಶಾಲೆಯಲ್ಲಿ ದಿನಾ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಭ್ರಾತೃಭಾವನೆ ಎಂಬ ಪದ ಬಂದಾಗ ಅವರು ಇನ್ನು ಮೇಲೆ ಏನನ್ನು ನೆನೆಸಿಕೊಳ್ಳಬೇಕು? ಪ್ಲಾಸ್ಟಿಕ್ ಮುಚ್ಚಳವನ್ನೇ?

ಅದೇ ಪ್ರಶ್ನೆ ಕನಕರಾಜನಿಗೂ ಹೋಯಿತು. “ಅದೇನು ದೊಡ್ಡ ವಿಷಯ ಸರ್. ಬಾಟ್ಲಿ ತರ್ಲಿ,” ಎಂದನಂತೆ. ಸಂದರ್ಶನ ಅಲ್ಲಿಗೆ ಮುಗಿಯಿತು. ಎದುರಾಳಿ ಎಡಗಡೆಯಿಂದ ನುಗ್ಗಿದರೆ ರಕ್ಷಣೆ ಹೇಗೆ ಎಂದು ಯಾರೂ ಕೇಳಲಿಲ್ಲ. ಹೆದರುವ ಹುಡುಗಿಯನ್ನು ಹೇಗೆ ಆಡಿಸುತ್ತೀ ಎಂದು ಕೇಳಲಿಲ್ಲ. ಚೆಂಡು ಗುಂಡಗಿರುತ್ತದೋ ಚೌಕಾಕಾರವೋ ಎಂದಾದರೂ ಕೇಳಬೇಕಿತ್ತು, ಆಟದ ಲೆಕ್ಕಕ್ಕೆ ಒಂದು ಪ್ರಶ್ನೆ ಇರುತ್ತಿತ್ತು.

ಬಾಟಲಿಯಲ್ಲಿ ಏನು ತಪ್ಪು ಎಂದು ನೀವು ಕೇಳುತ್ತೀರಿ. ಪೇಟೆಯ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಬಾಟಲಿ ತರುತ್ತಾರೆ, ನಿಜ. ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ನನ್ನ ಮೈಯದು.

ದಢೇಸುಗೂರು ಕಡೆಯ ಗದ್ದೆಗಳಲ್ಲಿ ನನ್ನ ಅವ್ವ ನಾಟಿಗೆ ಹೋಗುತ್ತಿದ್ದಳು. ರಜೆಯಲ್ಲಿ ಸಸಿ ಹೊರಲು ನಾನೂ ಹೋಗುತ್ತಿದ್ದೆ. ನೀರಡಿಸಿದರೆ ಬದುವಿನ ಹತ್ತಿರ ಹೋಗಿ ಕುಕ್ಕರಿಸಿ ಬೊಗಸೆ ಒಡ್ಡಬೇಕು. ಹೊಲದ ಮನೆಯವರು ಬದುವಿನ ಮೇಲೆ ನಿಂತು ಮೇಲಿನಿಂದ ಹಾಕುವರು. ಬೊಗಸೆಯಲ್ಲಿ ಕುಡಿಯುವುದು ಒಂದು ವಿದ್ಯೆ. ಬೆರಳ ಸಂದಿ ಬಿಟ್ಟರೆ ನೀರು ಮೊಣಕೈಗೆ ಇಳಿದು ಅಂಗಿ ತೋಯುತ್ತದೆ. ಸಾಕು ಎನ್ನಬೇಕೆಂದರೆ ಬಾಯಿ ಖಾಲಿ ಇರುವುದಿಲ್ಲ, ತಲೆ ಅಲ್ಲಾಡಿಸಬೇಕು. ಹಾಕುವವರು ಬೇರೆ ಕಡೆ ನೋಡುತ್ತಿದ್ದರೆ ಮೂಗಿಗೆ ನೀರು. ಅವ್ವ ನನಗೆ ಅದನ್ನು ಕಲಿಸಿದಳು, ಬೇರೆ ತಾಯಂದಿರು ಅಕ್ಷರ ಕಲಿಸಿದ ಹಾಗೆ, ಅಷ್ಟೇ ಕಾಳಜಿಯಿಂದ.

ನನ್ನ ಮಗಳಿಗೆ ಬೊಗಸೆಯಲ್ಲಿ ನೀರು ಕುಡಿಯಲು ಬರುವುದಿಲ್ಲ. ಒಮ್ಮೆ ಕಾಲುವೆ ದಂಡೆಯಲ್ಲಿ ಪ್ರಯತ್ನಿಸಿ ಅರ್ಧ ಮೈಮೇಲೆ ಸುರಿದುಕೊಂಡಳು. ನೋಡಿ ನಾನು ಎಷ್ಟು ಸಂತೋಷಪಟ್ಟೆ ಎಂದು ನಿಮಗೆ ತಿಳಿಯದು. ಸಂಘ ಕಟ್ಟಿದ್ದು, ಕೇಸು ಬಿದ್ದಿದ್ದು, ಪೊಲೀಸರ ಲಾಠಿ ತಿಂದಿದ್ದು ಎಲ್ಲವೂ ಇರಲಿ, ನನ್ನ ಜೀವನದ ಸಾಧನೆ ಏನು ಎಂದರೆ ಅದನ್ನೇ ಹೇಳುತ್ತೇನೆ. ಅಷ್ಟೇ ಅಲ್ಲ, ಬೊಗಸೆ ಒಡ್ಡಿದವನ ಮಗಳು ಕೊಡ ಹಿಡಿದು ನಿಂತಳು, ಬದುವಿನ ಮೇಲಿದ್ದವರ ಮನೆಯ ಹುಡುಗಿ ನಗುತ್ತ ಲೋಟ ಒಡ್ಡಿದಳು. ಯಾವ ಮೆರವಣಿಗೆಯಿಂದಲೂ ನಮಗೆ ಆಗದ ಕೆಲಸ ಅದು. ಫುಟ್ಬಾಲಿನ ಅರ್ಧ ಆಟದ ಬಿಡುವಿನಲ್ಲಿ ಆಗಿಹೋಗಿತ್ತು.

ಈಗ ಕೇಳಿ, ಬಾಟಲಿ ಏನು ಮಾಡಿತು ಎಂದು. ಮೊದಲ ದಿನ ಎಲ್ಲರ ಬಾಟಲಿಗಳೂ ಬೇವಿನ ಗಿಡದ ಕೆಳಗೆ ಒಂದೇ ಕಡೆ ಇದ್ದವು. ವಾರದಲ್ಲಿ ಎರಡು ಗುಂಪಾದವು. ಬಣ್ಣದ ಬಾಟಲಿ, ಸ್ಟೀಲಿನ ಬಾಟಲಿಗಳು ಗಿಡದ ನೆರಳಿಗೆ. ತಂಪು ಪಾನೀಯದ ಹಳೆಯ ಬಾಟಲಿಗೆ ನೀರು ತುಂಬಿಕೊಂಡು ಬರುವ ನಮ್ಮ ಹುಡುಗಿಯರದು ಕಾಂಪೌಂಡ್ ಗೋಡೆಯ ಬುಡಕ್ಕೆ. ಆಮೇಲೆ ಹುಡುಗಿಯರೂ ತಮ್ಮ ತಮ್ಮ ಬಾಟಲಿ ಇದ್ದಲ್ಲಿ ಕೂರತೊಡಗಿದರು. ಯಾರೂ ಹಾಗೆ ಮಾಡಿ ಎಂದು ಹೇಳಲಿಲ್ಲ. ಕನಕರಾಜ ಹೇಳಲಿಲ್ಲ, ಮನೆಯವರು ಹೇಳಲಿಲ್ಲ, ನೀವೂ ಹೇಳಲಿಲ್ಲ. ನನಗೆ ನಿದ್ದೆ ಕೆಡಿಸಿರುವುದು ಅದೇ. ಹೇಳಿದ್ದರೆ ಹೇಳಿದವರ ಮನೆ ಮುಂದೆ ಹೋಗಿ ಕೂರುತ್ತಿದ್ದೆ.

ಹಳೆಯ ಸಂಗಾತಿ ಆದೆಪ್ಪ ಚಹದ ಅಂಗಡಿಯಲ್ಲಿ ಆಡಿಕೊಂಡು ನಕ್ಕ. “ನಾವು ಬಾವಿ ನೀರಿಗೆ ಹೋರಾಟ ಮಾಡಿದ್ವಿ, ಕೆರಿ ನೀರಿಗೆ ಮಾಡಿದ್ವಿ. ನೀ ಈಗ ಬಾಟ್ಲಿ ನೀರಿಗೆ ಬಂದು ನಿಂತಿ. ನಾಳೆ ಐಸ್‌ಕ್ಯಾಂಡಿಗೂ ಧರಣಿ ಕುಂದ್ರಾಂವ ನೀ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾವಿಗೆ ಬೀಗ ಹಾಕಿದ್ದರೆ ಒಡೆಯಬಹುದಿತ್ತು. ತಮ್ಮ ತಮ್ಮ ನೀರನ್ನು ತಾವು ತಾವೇ ಕುಡಿಯುವ ಮಕ್ಕಳ ವಿರುದ್ಧ ಯಾವ ಘೋಷಣೆ ಕೂಗಲಿ? ನಿಮ್ಮ ಜಾಣತನಕ್ಕೆ ಕೈಮುಗಿಯಬೇಕು. ಯಾರೂ ಬಗ್ಗದ, ಯಾರೂ ಬೈಯದ, ಕೇಸು ಹಾಕಲು ಒಂದು ಪದವೂ ಸಿಗದ ಮಡಿಯನ್ನು ತಂದಿದ್ದೀರಿ.

ಮೊದಲ ಪಂದ್ಯ ಲಿಂಗಸುಗೂರಿನಲ್ಲಿತ್ತು. ನಾನೂ ಹೋಗಿದ್ದೆ. ಬಿಡುವಿಗೆ ಮುಂಚೆ ಪೀರಮ್ಮ ಒಂದು ಗೋಲು ಬಿಟ್ಟಳು. ದೊಡ್ಡ ತಪ್ಪೇನಲ್ಲ, ಚೆಂಡು ಪುಟಿದ ರೀತಿ ಹಾಗಿತ್ತು. ಸೀಟಿ ಊದಿದ ಮೇಲೆ ಅವಳು ರೂಢಿಯಂತೆ ಓಡಿ ಬಂದಳು. ಕೊಡ ಇರಲಿಲ್ಲ. ತನ್ನ ಬಾಟಲಿಯ ಮುಚ್ಚಳ ತೆಗೆದು, ಹತ್ತಿರದ ಗೆಳತಿಯ ಕಡೆ ಚಾಚಿದಳು.

“ನಂದು ಐತಿ ಬೇ,” ಎಂದಳು ಅವಳು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ತನ್ನ ಬಾಟಲಿ ಎತ್ತಿ ತೋರಿಸಿದಳು, ಅಷ್ಟೇ. ಪಕ್ಕದವಳೂ ತೋರಿಸಿದಳು. ಅರ್ಜುಮಂದ್ ಒಬ್ಬಳು ಎದ್ದು ಬಂದು “ಹಾಕು, ಎಮ್ಮಿಕರಾನ ಗೋಲಿನ್ಯಾಗ ಬಿಟ್ಟಾಕಿ,” ಎಂದು ಕೈಯೊಡ್ಡಿದಳು. ಅಷ್ಟರಲ್ಲಿ ನನ್ನ ಮಗಳು ಮುಚ್ಚಳ ಹಾಕಿಬಿಟ್ಟಿದ್ದಳು. ಎರಡನೇ ಅರ್ಧದಲ್ಲಿ ಇನ್ನೆರಡು ಗೋಲು ಬಿಟ್ಟಳು. ಬಸ್ಸಿನಲ್ಲಿ ಯಾರೂ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಛೇಡಿಸಿಯಾದರೂ ಛೇಡಿಸಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಅವಳ ಬೂಟು ಮೂಲೆಗೆ ಬಿದ್ದಿದೆ. ಕೇಳಿದೆ, ಜಾತಿಯ ಮಾತೇ ಇರಬೇಕು ಎಂದುಕೊಂಡು. ಯಾರು ಏನಂದರು ಹೇಳು, ನಾನು ನೋಡಿಕೊಳ್ಳುತ್ತೇನೆ ಎಂದೆ. ನಮ್ಮ ಕೈಗೆ ಒಂದೇ ಆಯುಧ ಬಳಸಿ ರೂಢಿ.

“ಯಾರೂ ಏನೂ ಅಂದಿಲ್ಲಪ್ಪ,” ಎಂದಳು. “ಮೊದ್ಲು ಗೋಲು ಬಿಟ್ರ ನೀರು ಹಾಕ್ತಿದ್ದೆ, ಮುಗೀತಿತ್ತು. ಈಗ ಮುಗಿಯಂಗೇ ಇಲ್ಲ. ನೀನೂ ಅದನ್ನೇ ಮನಸಿಗೆ ಹಚ್ಚಿಕೊಂಡು ಕುಂತಿ, ನೋಡು.”

ಸಾಹೇಬರೇ, ಆ ಕೊಡದಲ್ಲಿ ನನಗೆ ಕಂಡದ್ದು ನನ್ನ ಬೊಗಸೆಗೆ ಸಿಕ್ಕ ಉತ್ತರ ಮಾತ್ರ. ಅವಳಿಗೆ ಅದು ಫುಟ್ಬಾಲ್ ಆಗಿತ್ತು. ಗೋಲಿನಲ್ಲಿ ನಿಲ್ಲುವವಳ ತಪ್ಪು ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ತಪ್ಪನ್ನು ಇಳಿಸಿಟ್ಟು ಮತ್ತೆ ಗೋಲಿಗೆ ಹೋಗಿ ನಿಲ್ಲಲು ಅವಳಿಗೆ ಒಂದು ದಾರಿ ಬೇಕಿತ್ತು. ಮಾಸ್ತರು ಕೊಟ್ಟಿದ್ದು ಆ ದಾರಿಯನ್ನು. ನೀವು ಅದನ್ನು ಕೆಲವರ ಮನೆಯ ನೆಮ್ಮದಿಗಾಗಿ ಮುಚ್ಚಿದಿರಿ, ಮುಚ್ಚಿದ್ದು ಏನನ್ನು ಎಂದು ತಿರುಗಿಯೂ ನೋಡಲಿಲ್ಲ.

ಕನಕರಾಜನನ್ನು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಅವನು ದಿನಾ ಅಲ್ಲಿ ಬಸ್ಸು ಬದಲಿಸುತ್ತಾನೆ. ಎಲ್ಲವನ್ನೂ ಹೇಳಿದೆ. ಒಳ್ಳೆಯ ಹುಡುಗ, ಪೂರ್ತಿ ಕೇಳಿಸಿಕೊಂಡ.

“ಅಣ್ಣಾ, ನನಗೇನು ಗೊತ್ತಿತ್ರೀ. ನಾ ಆಡಿದ ಕಡೆ ಎಲ್ಲಾ ಬಾಟ್ಲಿನೇ ಇದ್ವು. ಕೇಳಿದ್ರು, ಹೇಳಿದೆ.”

“ಈಗ ಗೊತ್ತಾತಲ್ಲ. ಕೊಡ ಇಡು ಮತ್ತ.”

ಅವನು ಬಸ್ಸು ಬರುವ ಕಡೆ ನೋಡಿದ. “ಆರ್ಡರ್ ಕೈಗೆ ಬರ್ಲಿ ತಡೀರಿ. ಈಗ ಇಟ್ರ ನನ್ನ ತೆಗೀತಾರ. ಮನ್ಯಾಗ ತಂಗಿ ಓದಾಕತ್ತಾಳ.”

ನೀವು ಮಾಡಿದ ನೇಮಕಾತಿಯ ನಿಜವಾದ ಫಲ ಇದು. ಒಬ್ಬ ಆಟಗಾರನಿಗೆ ಮೊದಲ ತಿಂಗಳಲ್ಲೇ ಹೆದರುವುದನ್ನು ಕಲಿಸಿದ್ದೀರಿ. ಹೆದರಿದ ಕೋಚು ಗೋಲಿನಲ್ಲಿ ನಿಲ್ಲುವ ಹುಡುಗಿಗೆ ಏನು ಕಲಿಸಬೇಕು? ಸುಕನ್ಯಾ ಹೆದರಲಿಲ್ಲ, ಆದ್ದರಿಂದ ಅನರ್ಹಳಾದಳು. ಅವಳು ಈಗ ಸಿಂಧನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಾಳೆ. ಈ ಪತ್ರ ಬರೆಯಬೇಡಿ, ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲ ಎಂದು ಅವಳ ಮನೆಯವರು ನನ್ನನ್ನು ಕೇಳಿಕೊಂಡರು. ಅವಳನ್ನು ಕೇಳಿದೆ. “ಬರೀರಿ ಕಾಕಾ,” ಎಂದಳು. “ನನ್ನ ಕೆಲ್ಸದ ಸಲುವಾಗಿ ಬರೀಬ್ಯಾಡ್ರಿ. ಪೀರಿ ಗೋಲಿಗೆ ಬರೂ ಹಂಗ ಬರೀರಿ.” ಹಾಗೆ ಬರೆಯಲು ನನಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಸಿಟ್ಟಿನಲ್ಲಿ ಬರೆದೇ ರೂಢಿ.

ಬೇಡಿಕೆಗೆ ಬರುತ್ತೇನೆ. ಕನಕರಾಜನನ್ನು ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. ಸಹಿ ಹಾಕುವ ಮುಂಚೆ ಸಂದರ್ಶನವನ್ನು ಇನ್ನೊಮ್ಮೆ ಮಾಡಿ. ಫ್ಯಾನಿನ ಕೆಳಗೆ ಬೇಡ, ಮೈದಾನದಲ್ಲಿ ಮಾಡಿ, ತಂಡದ ಅಷ್ಟೂ ಹುಡುಗಿಯರನ್ನು ಎದುರಿಗೆ ಕೂರಿಸಿಕೊಂಡು ಮಾಡಿ. ನೀರು ಹೇಗೆ ಕೊಟ್ಟರೂ ಆ ಕಾರಣಕ್ಕೆ ಕೆಲಸ ಕೈತಪ್ಪುವುದಿಲ್ಲ ಎಂದು ಮೊದಲು ಇಬ್ಬರಿಗೂ ಬರಹದಲ್ಲಿ ಭರವಸೆ ಕೊಡಿ. ಆಮೇಲೆ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಗೋಲು ಬಿಟ್ಟ ಹುಡುಗಿಗೆ ನೀವು ಏನು ಮಾಡುತ್ತೀರಿ?

ಯಾರ ಉತ್ತರ ಸರಿ ಎಂದು ನೀವು ಹೇಳಬೇಡಿ. ನಾನೂ ಹೇಳುವುದಿಲ್ಲ, ಜಮೀಲಾಬೀ ಬಾಯಿಗೆ ಸೆರಗು ಹಿಡಿದು ಕೂರುತ್ತೇನೆ ಎಂದು ಒಪ್ಪಿದ್ದಾರೆ, ಅದು ಸಣ್ಣ ತ್ಯಾಗವಲ್ಲ. ಹುಡುಗಿಯರು ಹೇಳಲಿ. ಅವರು ಕನಕರಾಜನೇ ಇರಲಿ ಎಂದರೆ ಇರಲಿ, ನಾನೇ ಅವನ ಕೊರಳಿಗೆ ಹಾರ ಹಾಕುತ್ತೇನೆ. ಬಾಟಲಿಯೇ ಇರಲಿ ಎಂದರೂ ಎದ್ದು ಮನೆಗೆ ಹೋಗುತ್ತೇನೆ. ಆದರೆ ಅವರನ್ನು ಕೇಳದೆ ನೀವು ಆ ಆದೇಶಕ್ಕೆ ಸಹಿ ಹಾಕಿದರೆ, ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ನನ್ನ ಜತೆ ಕೂರುವವರು ಎಷ್ಟು ಜನ ಇದ್ದಾರೆ ಎಂದು ನಾನು ಈಗ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಆದೆಪ್ಪ ನಗುತ್ತಲೇ ಬರಬಹುದು.

ಪೀರಮ್ಮನನ್ನೂ ಕರೆದೆ, ಅವತ್ತು ಬರ್ತೀಯೇನವ್ವ ಎಂದು. “ಮೊದ್ಲು ಅವ್ರು ಬರ್ತಾರಾ ಕೇಳು,” ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ಬರುತ್ತೀರಾ?

ಇಂತಿ,
ವಿಧೇಯನಾಗುವುದನ್ನು ಕಲಿಯದೆ ಅರ್ಧ ಆಯುಷ್ಯ ಕಳೆದ,
ಮಗಳ ತಪ್ಪನ್ನು ಮುಗಿಸಿಕೊಡಲು ಬಾರದ ಅಪ್ಪ,
ಅಂಬಪ್ಪ, ಮಾಜಿ ಹಮಾಲ